ಆರನೇ ಬೋರಿನ ಏಟುಗಳು

ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಗುಬ್ಬಿ,

ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಮೂರು ವಾರ ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮೊಣಕಾಲು ನೋವು, ಆಫೀಸಿನ ಕೆಲಸ ಎಂದೆಲ್ಲ ಬರೆಯಬಹುದಿತ್ತು, ನೀನು ನಂಬುವವಳಲ್ಲ. ನಿನ್ನ ಕೆಲಸಕ್ಕೆ ಬೇಕಾದ ಶಿಫಾರಸಿನ ಫಾರಂ ಇಷ್ಟು ದಿನವೂ ನನ್ನ ಕನ್ನಡಕದ ಡಬ್ಬಿಯ ಕೆಳಗೇ ಇತ್ತು. ಸಹಿ ಹಾಕಲು ಕೂತಾಗಲೆಲ್ಲ ಹತ್ತನೇ ಪ್ರಶ್ನೆಯವರೆಗೆ ಬಂದು ಎದ್ದುಬಿಡುತ್ತಿದ್ದೆ. ಅದರ ಮಾತು ಆಮೇಲೆ.

ನಿನ್ನ ಅಮ್ಮ ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿದ್ದಾಳೆ. ಗಾಬರಿಯಾಗಬೇಡ, ಎಲ್ಲಿಗೆ ಎಂಬುದನ್ನೂ ಹೇಳುತ್ತೇನೆ. ನಾನೇ ಅನ್ನಕ್ಕಿಟ್ಟೆ. ನೀರು ಹೆಚ್ಚಾಗಿ ಜೇಡಿಮಣ್ಣಿನ ಹಾಗಾಯಿತು. ಮೂವತ್ತು ವರ್ಷ ಮಣ್ಣಿಗೆ ಎಷ್ಟು ನೀರು ಹಿಡಿಯುತ್ತದೆಂದು ಅಳೆದವನಿಗೆ ಅಕ್ಕಿಗೆಷ್ಟು ಎನ್ನುವುದು ಗೊತ್ತಿಲ್ಲ.

"ಯಾವ ದಾರಿ ಹಿಡೀಲಿ ಅಪ್ಪಾ, ಫೀಲ್ಡೋ, ಲ್ಯಾಬೋ, ಡಿಸೈನೋ?" ಎಂದು ನಮ್ಮ ಮಣ್ಣು ಪರೀಕ್ಷೆಯ ಎಂಜಿನಿಯರಿಂಗಿನ ಬಗ್ಗೆ ಕೇಳಿದ್ದೀಯ. ಡಿಸೈನಿಗೆ ಇನ್ನೊಂದು ಡಿಗ್ರಿ ಇಲ್ಲದೆ ಯಾರೂ ಕರೆಯುವುದಿಲ್ಲ. ಸುರಂಗ, ಅಣೆಕಟ್ಟು, ಕುಸಿಯುವ ಗುಡ್ಡ ಎಂದರೆ ಬಂಡೆಯ ವಿಷಯವನ್ನೂ ಓದಬೇಕು. ಕಂಪ್ಯೂಟರು ನಿನಗೆ ಬರುತ್ತದೆ. ವರದಿ ಬರೆಯುವುದನ್ನು ಕಲಿ, ನಮ್ಮಲ್ಲಿ ಅರ್ಧ ಜನ ಅಲ್ಲೇ ಎಡವುತ್ತಾರೆ. ಲೈಸೆನ್ಸ್ ಬೇಕಾದರೆ ಲೈಸೆನ್ಸ್ ಇದ್ದವರ ಕೈಕೆಳಗೆ ನಾಲ್ಕು ವರ್ಷ ದುಡಿಯಬೇಕು. ಇದೆಲ್ಲ ನಿನ್ನ ಮೇಷ್ಟರೂ ಹೇಳಿರುತ್ತಾರೆ. ನಾನು ಹೇಳುವುದು ಇಷ್ಟೇ: ಮೊದಲ ಎರಡು ವರ್ಷ ಫೀಲ್ಡ್ ಬಿಟ್ಟು ಕದಲಬೇಡ. ಮಣ್ಣನ್ನು ಹಲ್ಲಿನಲ್ಲಿ ಕಡಿದು ನೋಡು. ಕರಕರ ಎಂದರೆ ಹೂಳು, ಬೆಣ್ಣೆಯ ಹಾಗಿದ್ದರೆ ಜೇಡಿ. ಚಿಕ್ಕವಳಿದ್ದಾಗ ಮಣ್ಣು ತಿಂದಿದ್ದಕ್ಕೆ ಅಮ್ಮನಿಂದ ಏಟು ತಿಂದಿದ್ದೆ, ಇನ್ನು ಮೇಲೆ ಅದಕ್ಕೇ ಸಂಬಳ.

ಅಡಿಪಾಯದ ಮಣ್ಣು ನೋಡಲು ಬೋರ್ ಕೊರೆಯುವಾಗ ಪಕ್ಕದಲ್ಲೇ ನಿಲ್ಲು. ಅರವತ್ಮೂರೂವರೆ ಕಿಲೋ ಸುತ್ತಿಗೆ ಬೀಳುತ್ತದೆ, ರಾಡು ಇಳಿಯುತ್ತದೆ. ಎಷ್ಟು ಏಟಿಗೆ ಎಷ್ಟು ಇಳಿಯಿತು ಎಂಬುದರ ಮೇಲೆ ಇಡೀ ಕಟ್ಟಡ ನಿಲ್ಲುತ್ತದೆ. ಏಟು ಹೆಚ್ಚು ಬೇಕಾದರೆ ನೆಲ ಗಟ್ಟಿ, ಕಡಿಮೆ ಸಾಕಾದರೆ ಮೆತ್ತಗೆ. ರಾಡಿನ ಮೇಲೆ ಹದಿನೈದು ಸೆಂಟಿಮೀಟರಿಗೊಂದು ಗೆರೆ ಎಳೆಯಲು ಡ್ರಿಲ್ಲರ್ ಸದಾ ಕಿವಿಯ ಮೇಲೆ ಚಾಕ್‌ಪೀಸ್ ಸಿಕ್ಕಿಸಿಕೊಂಡಿರುತ್ತಾನೆ. ಅದಕ್ಕೇ ಅಲ್ಲವೇ, ನಾಲ್ಕು ವರ್ಷದವಳಿದ್ದಾಗ ಅಮ್ಮನ ತಮ್ಮನಿಗೆ ನೀನು ಚಾಕ್‌ಪೀಸ್ ಮಾವ ಎಂದು ಹೆಸರಿಟ್ಟಿದ್ದು. ನನ್ನ ಬೋರುಗಳನ್ನೆಲ್ಲ ಕೊರೆಯುತ್ತಿದ್ದವನು ಅವನೇ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಏಟು ಎಣಿಸುತ್ತಿದ್ದ. ನೀನು ನೂರರವರೆಗೆ ಎಣಿಸಲು ಕಲಿತದ್ದು ಶಾಲೆಯಲ್ಲಲ್ಲ.

ಕಾಗದದ ಕೊನೆಯಲ್ಲಿ ತಮಾಷೆಗೆ ಒಂದು ಸಾಲು ಬರೆದಿದ್ದೀಯ: "ಚಾಕ್‌ಪೀಸ್ ಮಾವನ ಹಾಗೆ ತೂಕಡಿಸ್ತಾ ಎಣಿಸಲ್ಲ, ಹೆದರಬೇಡಿ ಅಪ್ಪಾ." ಆ ಸಾಲನ್ನು ನಾನು ಬಹಳ ಸಲ ಓದಿದೆ. ನಿನ್ನ ತಪ್ಪಲ್ಲ, ನಮ್ಮ ಮನೆಯಲ್ಲಿ ನಡೆದು ಬಂದ ಮಾತೇ ಅದು.

ನಾನು ಬೇಗ ಮೇಲೆ ಹೋದೆ, ಗುಬ್ಬಿ. ನನ್ನ ಜೊತೆಯವರಿಗಿಂತ ಐದು ವರ್ಷ ಮೊದಲೇ ವಿಭಾಗದ ಮುಖ್ಯಸ್ಥನಾದೆ. ಗಾಜಿನ ಕೋಣೆ ಸಿಕ್ಕಿತು, ಬೂಟಿಗೆ ಮಣ್ಣು ಹತ್ತುವುದು ನಿಂತಿತು. ಅಂದಿನಿಂದ ನಾನು ಒಂದು ಬೋರಿನ ಹತ್ತಿರವೂ ನಿಂತಿಲ್ಲ. ಕೆಲಸದ ಒತ್ತಡ ಎಂದು ಎಲ್ಲರಿಗೂ ಹೇಳಿದೆ. ನಿಜವಾಗಿ ಆ ಸುತ್ತಿಗೆಯ ಸದ್ದನ್ನು ಸಹಿಸಲಾಗುತ್ತಿರಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಸೈಟಿಗೆ ಹೋಗುವಾಗ ಟೋಪಿ ಮರೆಯಬೇಡ. ನನ್ನ ಆಶೀರ್ವಾದ ನಿನಗೆ ಯಾವಾಗಲೂ ಇದೆ, ಈ ಕಾಗದ ಓದಿ ಮುಗಿಸಿದ ಮೇಲೂ ಅದು ನಿನಗೆ ಬೇಕೆನಿಸಲಿ.

ನಿನ್ನ
ಅಪ್ಪ

ಮರೆತ ವಿಷಯ: ಮರೆತು ಉಳಿದದ್ದಲ್ಲ, ಇಲ್ಲಿಯವರೆಗೆ ತಳ್ಳಿಕೊಂಡು ಬಂದದ್ದು. ಫಾರಂ ಇದರ ಜೊತೆಗಿದೆ. ಹತ್ತನೇ ಪ್ರಶ್ನೆ: "ಕಣ್ಣಾರೆ ನೋಡದ ಕೆಲಸಕ್ಕೆ ನೀವು ಎಂದಾದರೂ ಸಹಿ ಹಾಕಿದ್ದೀರಾ?" ಹೌದು ಎಂದು ಬರೆದು ಸಹಿ ಹಾಕಿದ್ದೇನೆ. ಇದನ್ನು ಕೊಟ್ಟರೆ ನಿನಗೆ ಆ ಕೆಲಸ ಸಿಗಲಿಕ್ಕಿಲ್ಲ. ಹರಿದುಹಾಕಿ ಬೇರೆಯವರ ಹತ್ತಿರ ಬರೆಸಿಕೋ, ನಾನು ಬೇಸರಪಡುವುದಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಒಂದು ಶಾಲೆಯ ಕಟ್ಟಡಕ್ಕೆ ಏಳು ಬೋರ್ ಕೊರೆಯುತ್ತಿದ್ದೆವು. ಆರನೆಯದರ ದಿನ ಮುಖ್ಯಸ್ಥನ ಹುದ್ದೆಗೆ ನನ್ನ ಸಂದರ್ಶನ. ಮಾವನೊಬ್ಬನನ್ನೇ ಬಿಟ್ಟು ಹೋದೆ, ಸೈಟಿಗೆ ಮರಳಲಿಲ್ಲ. ಮರುದಿನ ಅವನು ಏಟಿನ ಲೆಕ್ಕ ಬರೆದ ಚೀಟಿ ಕೊಟ್ಟ. "ಭಾವ, ಒಂಬತ್ತು ಮೀಟರಿನಲ್ಲಿ ಏಟೇ ಬೇಕಾಗ್ಲಿಲ್ಲ, ರಾಡು ತಾನಾಗೇ ಇಳೀತು" ಎಂದ. "ಪಕ್ಕದ ಬೋರಿನಲ್ಲಿ ಹದಿನೆಂಟು ಬಂದಿದೆ, ಇಲ್ಲಿ ಸೊನ್ನೆ ಹೇಗಯ್ಯಾ ಬರುತ್ತೆ? ತೂಕಡಿಸ್ತಿದ್ಯಾ?" ಎಂದೆ. ಆ ಮಾತು ಹುಟ್ಟಿದ್ದು ಹೀಗೆ, ನನ್ನ ಬಾಯಿಂದ. ಮತ್ತೆ ಕೊರೆದರೆ ವರದಿ ತಡವಾಗುತ್ತಿತ್ತು, ಹುದ್ದೆ ಕೈತಪ್ಪುತ್ತಿತ್ತು. ಹದಿನಾರು ಎಂದು ಬರೆದು ಸಹಿ ಹಾಕಿದೆ.

ಆರನೇ ಬೋರಿದ್ದ ಕಟ್ಟಡದ ಮೂಲೆ ಎರಡೇ ವರ್ಷದಲ್ಲಿ ಕುಸಿಯಿತು. ರಜೆಯ ದಿನವಾದ್ದರಿಂದ ಮಕ್ಕಳು ಉಳಿದರು. ವಿಚಾರಣೆಯಲ್ಲಿ, ಎಣಿಸಿದ್ದು ಡ್ರಿಲ್ಲರ್ ಎಂದೆ. ಅವನೂ "ಎಣಿಸಿದ್ದು ನಾನೇ" ಎಂದ. ಇಬ್ಬರೂ ನಿಜವನ್ನೇ ಹೇಳಿದೆವು. ಬರೆದದ್ದು ಯಾರೆಂದು ಅವನು ಬಾಯಿಬಿಡಲಿಲ್ಲ, ಅಕ್ಕನ ಸಂಸಾರ ನೋಡಿ. ಅವನ ಕೆಲಸ ಹೋಯಿತು. ತಪ್ಪು ಅವನದೇ ಎಂದು ನಂಬಿ ನಿನ್ನ ಅಮ್ಮ ಅವನಿಗೆ ಹೊಸಿಲು ತುಳಿಯಬೇಡ ಎಂದಳು.

ಭಾನುವಾರ ಅವಳಿಗೆ ಎಲ್ಲ ಹೇಳಿದೆ. "ಏಟು ಎಣಿಸೋರು ನೀವು. ಅವನ ಮುಖ ನೋಡದೆ ನಾನು ಕಳೆದ ವರ್ಷಗಳನ್ನ ಎಣಿಸಿದ್ರಾ?" ಎಂದು ಕೇಳಿದಳು. ನಿನ್ನೆ ಹೋಗಿದ್ದು ತಮ್ಮನ ಮನೆಗೆ. ಯಾವಾಗ ಬರುತ್ತಾಳೆಂದು ಹೇಳಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಅವನ ಚೀಟಿಯನ್ನು ಎಸೆಯಲು ಎಂದೂ ಕೈ ಬರಲಿಲ್ಲ. ಅದೂ ಇದರೊಳಗಿದೆ, ಜೋಪಾನ. ಪೆನ್ಸಿಲ್ ಅಕ್ಷರ ಮಸುಕಾಗಿದೆ, ನಿನಗೆ ಓದಲಾಗದಿದ್ದರೆ ಎಂದು ಇಲ್ಲಿ ಬರೆಯುತ್ತೇನೆ: "ಬೋರ್ ಆರು. ಒಂಬತ್ತು ಮೀಟರ್. ಏಟು ಸೊನ್ನೆ. ಇನ್ನೊಂದ್ಸಲ ನೋಡ್ಬೇಕು. ಯಂತ್ರ ಬಿಚ್ಚಿಲ್ಲ, ಭಾವ ಬರ್ಲಿ ಅಂತ ಕಾಯ್ತಿದೀನಿ."