ನೀಲಾಳ ಫೋಟೋದ ಮೇಲೆ ಬೇರೆ ಹೆಸರು

11 ಫೆಬ್ರುವರಿ 2008, ಮಧ್ಯಾಹ್ನ ಎರಡೂವರೆ

ಇವತ್ತು ನಲವತ್ತೆರಡು ಫೋಟೋ. ಕಿತ್ತೂರಿನ ಮದುವೆ. ಒಂದೊಂದಕ್ಕೂ 'ವೀರೂ ಫೋಟೋಸ್, ಬೈಲಹೊಂಗಲ' ಅಂತ ಬಿಳಿ ಅಕ್ಷರ, ಪಕ್ಕದಲ್ಲಿ ಕಮಲದ ಲೋಗೋ, ಅರ್ಧ ಪಾರದರ್ಶಕ. ಮೂಲೆಯಲ್ಲಿ ಹಾಕಿದರೆ ಕತ್ತರಿಸಿಬಿಡುತ್ತಾರೆ. ಹೋದ ತಿಂಗಳು ಹಾಗೇ ಆಯಿತು — ನಮ್ಮ ಫೋಟೋ, ಇನ್ನೊಬ್ಬರ ಹೆಸರು. ಅಂದಿನಿಂದ ಸೀರೆಯ ನೆರಿಗೆಯ ಮೇಲೆ, ಬಾಸಿಂಗದ ಪಕ್ಕ, ಕತ್ತರಿಸಲು ಬಾರದ ಕಡೆ ಹಾಕುತ್ತೇನೆ. ಇವರು ಅಂಗಡಿಯಿಂದ ಪೆನ್ ಡ್ರೈವ್ ತರುತ್ತಾರೆ. ನಾನು ಮನೆಯಲ್ಲಿ ಕೂತು ಹೆಸರು ಹಾಕಿ ಆರ್ಕುಟ್‌ಗೆ ಏರಿಸುತ್ತೇನೆ. ಬಿ.ಎಸ್‌ಸಿ. ಓದಿದ್ದು ಇದಕ್ಕಾದರೂ ಬಂತು.

ನೀಲಾ ತೊಡೆಯ ಮೇಲೆ. ಏಳು ತಿಂಗಳು ತುಂಬಿತು. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಉಸಿರು ಎಣಿಸುತ್ತ ಬಿದ್ದಿರುತ್ತೇನೆ.

ರಾಮದುರ್ಗದಿಂದ ಸಪ್ನಾ ಫೋನು. ಇವರ ತಂಗಿ.

"ವೈನಿ, ಕೂಸಿನ್ವು ಒಂದೆರಡು ಫೋಟೋ ಮೇಲ್ ಮಾಡ್ರೆಲಾ. ನೋಡಿ ಎರಡ ತಿಂಗಳಾತು."

"ಲೋಗೋ ಹಾಕೂದೈತಿ ಸಪ್ನಾ. ಹಾಕಿ ಕಳಸತೇನಿ."

"ಮನಿ ಕೂಸಿಗೂ ಲೋಗೋ ಏನ್ರಿ?" ನಕ್ಕಳು.

ಮೂರನೇ ಸಲ ನನ್ನದು ಅದೇ ನೆಪ. ಮದುವೆಯಾಗಿ ಆರು ವರ್ಷ, ಅವಳಿಗೆ ಮಕ್ಕಳಿಲ್ಲ. ಅವಳ ಕಣ್ಣು ಬಿದ್ದರೆ ಅಂತ... ಬರೆದುಬಿಟ್ಟೆ. ನಾಚಿಕೆಯಾಗುತ್ತದೆ. ಆದರೂ ಕಳಿಸುವುದಿಲ್ಲ.

14 ಫೆಬ್ರುವರಿ, ಬೆಳಿಗ್ಗೆ

ಧಾರವಾಡದ ಹಾಸ್ಟೆಲ್ ಗೆಳತಿ ಗುರುಬಸವ್ವ ಆರ್ಕುಟ್‌ನಲ್ಲಿ ಬರೆದಿದ್ದಾಳೆ — "ಈಕಿ ನಿಮ್ಮ ನೀಲಾನ ಹಂಗ ಅದಾಳಲ್ಲ? ನೋಡಲೇ." ಕೆಳಗೆ ಲಿಂಕ್.

ಒತ್ತಿದೆ.

ಹಾಗೆ ಇರುವುದಲ್ಲ. ನೀಲಾಳೇ. ತೊಟ್ಟಿಲಿಗೆ ಹಾಕಿದ ದಿನದ ಫೋಟೋ. ತಲೆಯ ಮೇಲೆ ನನ್ನವ್ವ ಹೊಲಿದ ಕುಂಚಿಗೆ, ಅಂಚಿಗೆ ಹಸಿರು ಖಣದ ಪಟ್ಟಿ. ಕೆಳಗೆ ಗುಲಾಬಿ ಬಣ್ಣದ ಹೃದಯದ ಲೋಗೋ, ಅದರೊಳಗೆ 'ಮೈ ಪ್ರಿನ್ಸೆಸ್'. ಹಾಕಿದವರ ಹೆಸರು 'ಸ್ವೀಟ್ ಮಮ್ಮಿ'. ಅವರ ಪ್ರೊಫೈಲ್‌ನಲ್ಲಿ ಮುಖದ ಜಾಗದಲ್ಲಿ ಹೂವು. ಊರು — ಇಂಡಿಯಾ. ಹದಿನೇಳು ಕಾಮೆಂಟು. ಎಲ್ಲ ಹೆಂಗಸರು. "ನಗು ಮಮ್ಮಿಯದೇ ಇರಬೇಕು."

ಯಾವ ಮಮ್ಮಿ?

ನಮ್ಮ ಲೋಗೋ ಇಲ್ಲ. ಅಳಿಸಿದ ಗುರುತೂ ಇಲ್ಲ. ದೊಡ್ಡದು ಮಾಡಿ ನೋಡಿದೆ — ಅಳಿಸಿದರೆ ಕಲೆ ಉಳಿಯುತ್ತದೆ, ಆ ಕೆಲಸ ನನಗೆ ಗೊತ್ತು. ಅಂದರೆ ಇದು ಲೋಗೋ ಹಾಕುವ ಮೊದಲಿನ ಫೈಲು. ಅದಿರುವುದು ಮೂರೇ ಕಡೆ. ಈ ಕಂಪ್ಯೂಟರು. ಅಂಗಡಿಯ ಕಂಪ್ಯೂಟರು. ಸವದತ್ತಿಯಲ್ಲಿ ನನ್ನ ತಮ್ಮ ಸುಭಾಸನಿಗೆ ಕೊಟ್ಟ ಸಿ.ಡಿ.

ಮೂರೂ ನಮ್ಮವೇ.

ಅದೇ ದಿನ, ಸಂಜೆ

ಇವರಿಗೆ ತೋರಿಸಿದೆ.

"ಯಾರೋ ಚೆಂದ ಕಂಡ್ಲಂತ ಹಾಕ್ಕೊಂಡಾರ ಬಿಡು. ಮಂದಿ ಗ್ವಾಡಿಗೆ ಕೂಸಿನ ಕ್ಯಾಲೆಂಡರ್ ಹಾಕೂದಿಲ್ಲೇನು?"

ತಲೆ ಎತ್ತಲಿಲ್ಲ. ಲೆನ್ಸ್ ಒರೆಸುತ್ತಲೇ ಇದ್ದರು. ಮದುವೆಯ ಫೋಟೋ ಕದ್ದಾಗ ಎರಡು ದಿನ ಸರಿಯಾಗಿ ಊಟ ಮಾಡದ ಮನುಷ್ಯ. ಈಗ — ಬಿಡು.

ಅತ್ತೆ ಸೋಮವ್ವ ಅಡುಗೆಮನೆಯಿಂದಲೇ ಕೇಳಿಸಿಕೊಂಡರು. "ವರ್ಸ ತುಂಬೂತನ ಕೂಸಿನ ಫೋಟೋ ಬ್ಯಾಡ್ರೋ ಅಂತ ಬಡಕೊಂಡೆ. ಫೋಟೋದಂಗಡಿಯವರಿಗೆ ಯಾರ ಹೇಳಬೇಕ ತಾಯಿ." ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹೊಗೆ ಬಂತು, ಘಾಟು ಬರಲಿಲ್ಲ.

"ನೋಡು. ಒಬ್ಬರರೆ ಸೀನಿದ್ರೇನು? ದೃಷ್ಟಿ ಭಾಳ ಆಗೇತಿ ಕೂಸಿಗೆ."

ಕೆಮಿಸ್ಟ್ರಿ ಓದಿದ್ದೇನೆ ನಾನು. ಆದರೂ ಒಲೆಯ ಹತ್ತಿರ ಹೋಗಿ ಮೂಗೆಳೆದು ನೋಡಿದೆ. ನಿಜ, ಘಾಟಿಲ್ಲ.

18 ಫೆಬ್ರುವರಿ, ಬೆಳಿಗ್ಗೆ ಹನ್ನೊಂದು

ಯೋಚಿಸಿ ಯೋಚಿಸಿ ಒಂದು ದಾರಿ ಹೊಳೆಯಿತು.

ನೀಲಾಗೆ ಎರೆದು, ಸಾಂಬ್ರಾಣಿ ಹಿಡಿದು, ಕಾಡಿಗೆಯ ಬೊಟ್ಟು ಇಡುವ ಮೊದಲೇ ಕೂರಿಸಿ ಒಂದು ಫೋಟೋ ತೆಗೆದೆ. ಹುಟ್ಟಿದಾಗಿನಿಂದ ಅವಳ ಬೊಟ್ಟಿಲ್ಲದ ಫೋಟೋ ಇದೊಂದೇ. ಕ್ಲಿಕ್ ಆದ ತಕ್ಷಣ ಇಟ್ಟೆ, ಎರಡೂ ಕೆನ್ನೆಗೆ, ಅಂಗಾಲಿಗೆ.

ಆಮೇಲೆ ಫೋಟೋಶಾಪ್‌ನಲ್ಲಿ ಬೊಟ್ಟು ಬರೆದೆ. ಮೂರು ಪ್ರತಿ. ಎಡಗೆನ್ನೆಯದು ಅಂಗಡಿಗೆ. ಗದ್ದದ್ದು ಸುಭಾಸನಿಗೆ. ಬಲಗೆನ್ನೆಯದು ಇಲ್ಲೇ, ಈ ಕಂಪ್ಯೂಟರಿನಲ್ಲಿ. ಲೋಗೋ ಯಾವುದಕ್ಕೂ ಹಾಕಲಿಲ್ಲ. ಕದಿಯುವವರು ಲೋಗೋ ಹುಡುಕುತ್ತಾರೆ. ಕೂಸಿನ ದೃಷ್ಟಿಬೊಟ್ಟು ಯಾವ ಕಡೆ ಇದೆ ಅಂತ ಯಾರು ನೋಡುತ್ತಾರೆ?

"ದೊಡ್ಡದ ಮಾಡಿ ಅಂಗಡ್ಯಾಗ ಹಾಕ್ರಿ," ಅಂತ ಇವರ ಕೈಗೆ ಪೆನ್ ಡ್ರೈವ್ ಕೊಟ್ಟೆ.

"ಏ, ಭಾರಿ ಬಂದೈತಲ್ಲ!" ಎಷ್ಟು ಖುಷಿ ಅವರಿಗೆ. ಆ ಖುಷಿಯನ್ನೂ ದಿಟ್ಟಿಸಿ ನೋಡಿದೆ.

22 ಫೆಬ್ರುವರಿ

ಇಲ್ಲ.

25 ಫೆಬ್ರುವರಿ

ಇಲ್ಲ. ದಿನಕ್ಕೆ ಹತ್ತು ಸಲ ಆ ಪುಟ ತೆಗೆಯುತ್ತೇನೆ. ಸುಭಾಸನಿಗೆ ಫೋನ್ ಮಾಡಿ ಸಿ.ಡಿ. ಯಾರಿಗೆ ಕೊಟ್ಟೆ, ಯಾರು ನೋಡಿದರು ಅಂತ ಪೊಲೀಸರ ಹಾಗೆ ಕೇಳಿದೆ. "ಅಕ್ಕಾ, ನೀ ಮೊದಲ ನಿದ್ದಿ ಮಾಡ. ನಿನ್ನ ಧ್ವನಿನ ಬ್ಯಾರೆ ಆಗೇತಿ," ಅಂದ.

3 ಮಾರ್ಚ್, ಮಧ್ಯಾಹ್ನ

ಬಂತು. ಗುಲಾಬಿ ಹೃದಯ. 'ನನ್ನ ರಾಜಕುಮಾರಿ ಕೂರಲು ಕಲಿತಳು.'

ಬೊಟ್ಟು ಎಡಗೆನ್ನೆಯಲ್ಲಿ.

4 ಮಾರ್ಚ್

ನೀಲಾಳನ್ನು ಎತ್ತಿಕೊಂಡು ನೇರ ಅಂಗಡಿಗೇ ಹೋದೆ. ಬಾಯಿಬಿಡುವ ಮೊದಲೇ ಅವರಿಗೆ ಗೊತ್ತಾಯಿತು.

"ಸಪ್ನಾ ಕೇಳಿದ್ಲು. ನೀ ಕೊಡವಲ್ಲಿ, ನಾ ಕೊಟ್ಟೆ. ನೋಡ ಶೀತಲ, ನನ್ನ ತಂಗಿ ಆಕಿ."

"ಕೊಟ್ಟಿದ್ದಲ್ಲ ಕೇಳಾಕತ್ತಿದ್ದು. ಮಮ್ಮಿ ಅಂತ ಹಾಕ್ಕೊಂಡಿದ್ದು ಗೊತ್ತಿತ್ತೇನ್ರಿ?"

"ನೀ ತೋರಿಸಿದಾಗ ಗೊತ್ತಾತು."

"ಗೊತ್ತಾದ ಮ್ಯಾಲೆ ಇದನ್ನೂ ಕೊಟ್ರಿ."

"ಒಂದ ಫೋಟೋದಾಗ ಏನ ಹೋಗತೈತಿ ನಮ್ಮದು? ಆಕಿ ಮಾರಿ ಮ್ಯಾಲೆ ಆರ ವರ್ಸಕ್ಕ ಒಂದ ನಗಿ ಬಂದೈತಿ." ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಯಾರೋ ಬಂದರು. "ಬರ್ರಿ, ಕುಂದರ್ರಿ," ಎಂದು ಎದ್ದುಬಿಟ್ಟರು. ಬದುಕಿಕೊಂಡವರ ಹಾಗೆ.

ಹೋದ ತಿಂಗಳು ಇವರೇ ಅಂದಿದ್ದರು — ಒಂದು ವಾರ ಕೂಸನ್ನ ಸಪ್ನಾ ಕಡೆ ಬಿಡೋಣು, ನಿನಗೂ ನಿದ್ದಿ ಆಗತೈತಿ. ಅತ್ತೆಯೂ ಮೊನ್ನೆ ರಾಗಿ ಮಣ್ಣಿ ಕುಡಿಸಲು ಶುರುಮಾಡಿದರು. ನನ್ನ ಹಾಲು ಬಿಡಿಸಲಿಕ್ಕಾ? ಮೊದಲು ಫೋಟೋ, ಆಮೇಲೆ...

ಹುಚ್ಚು ಹಿಡಿಯುತ್ತಿದೆಯೋ ಏನೋ. ಆದರೆ ಎಡಗೆನ್ನೆ ಸುಳ್ಳಲ್ಲವಲ್ಲ.

6 ಮಾರ್ಚ್, ಶಿವರಾತ್ರಿ

ಸಪ್ನಾ ಹಬ್ಬಕ್ಕೆ ತವರಿಗೆ ಬಂದಳು. ನೀಲಾಗೆ ಇಳಕಲ್ ಅಂಚಿನ ಪುಟ್ಟ ಲಂಗ ತಂದಿದ್ದಳು. ಮಧ್ಯಾಹ್ನ ಮಾಳಿಗೆಯ ಮೇಲೆ ಕರೆದೆ. ಮೆಣಸಿನಕಾಯಿ ಒಣಹಾಕಿತ್ತು. ಇಬ್ಬರದೂ ಉಪವಾಸ.

ಪ್ರಿಂಟ್ ತೆಗೆದಿದ್ದ ಪುಟ ಮುಂದಿಟ್ಟೆ. ಕೈಗೆತ್ತಿಕೊಂಡಳು.

"ಕೂಸು ಹುಟ್ಟಿದ ವಾರ ಸುರು ಮಾಡಿದೆ ವೈನಿ. ನೆಟ್ಟಿನ್ಯಾಗ ಹೊಸಾ ಗೆಳತ್ಯಾರು. ಎಷ್ಟ ಮಕ್ಕಳು ಅಂದ್ರು. ಒಂದ ಅಂದೆ. ರಾಮದುರ್ಗದಾಗ ಎಲ್ಲಾರಿಗೂ ಗೊತ್ತೈತಿ, ಬಸರಿ ಹೆಣ್ಮಕ್ಕಳ ಕುಪ್ಪಸಕ್ಕ ಕರಿಯೂದನ್ನೂ ಬಿಟ್ಟಾರ. ಅಲ್ಲಿ ಯಾರಿಗೂ ಗೊತ್ತಿದ್ದಿಲ್ಲ."

"ತಗದ ಹಾಕು."

"ತಗದ್ರ ಕೇಳತಾರ್ರಿ. ದಿನಾ ಕೇಳತಾರ — ಹಲ್ಲ ಬಂತೇನು, ಅಂಬೆಗಾಲ ಇಟ್ಲೇನು. ಒಮ್ಮಿಂದೊಮ್ಮೆ ಕೂಸ ಎಲ್ಲಿ ಹೋತು ಅಂದ್ರ ಏನಂತ ಬರೀಲಿ?"

"ಏನರೆ ಬರಿ. ನಿನ್ನ ಸುಳ್ಳು, ನೀನ ಮುಗಸು."

ಅಳಲಿಲ್ಲ. ನೀಲಾಳನ್ನು ಎತ್ತಿಕೊಳ್ಳಲು ಕೈ ಚಾಚಿದಳು. ನಾನು ಕೊಡಲಿಲ್ಲ. ನೀಲಾ ಅವಳ ಕಡೆ ವಾಲಿದಳು, ನಾನು ಬಿಗಿಯಾಗಿ ಹಿಡಿದುಕೊಂಡೆ. ಕೊಡಬಹುದಿತ್ತು.

ಜಾಗರಣೆಗೂ ನಿಲ್ಲದೆ ಸಂಜೆಯ ಬಸ್ಸಿಗೆ ಹೋದಳು.

9 ಮಾರ್ಚ್

ಆಲ್ಬಮ್ ಇಲ್ಲ. ಹೃದಯವೂ ಇಲ್ಲ. ನಿನ್ನೆ ಐದು ಗಂಟೆ ನಿದ್ದೆ ಮಾಡಿದೆ, ಒಂದೇ ಸಮನೆ. ಇವರು ಮುಖ ಉಬ್ಬಿಸಿಕೊಂಡಿದ್ದಾರೆ. ಇರಲಿ.

11 ಮಾರ್ಚ್, ಬೆಳಿಗ್ಗೆ ಹತ್ತು

ಗುರುಬಸವ್ವನ ಫೋನು. "ನೀಲಾ ಅರಾಮ ಅದಾಳಿಲ್ಲ? ಖರೇ ಹೇಳ."

"ಯಾಕಲೇ?"

"ಆ ಸ್ವೀಟ್ ಮಮ್ಮಿ ಕೂಸು ಹೋತಂತಲ್ಲ..."

ಸ್ವೀಟ್ ಮಮ್ಮಿಯ ಪುಟದಲ್ಲಿ ಸ್ಕ್ರ್ಯಾಪ್‌ಬುಕ್ ತೆಗೆದೆ. ಸಪ್ನಾ ಬರೆದಿದ್ದಾಳೆ — 'ನನ್ನ ರಾಜಕುಮಾರಿ ಇನ್ನಿಲ್ಲ. ಶಿವರಾತ್ರಿಯ ದಿನ. ಫೋಟೋ ನೋಡುವ ಶಕ್ತಿ ಇಲ್ಲ, ತೆಗೆದಿದ್ದೇನೆ. ದಯವಿಟ್ಟು ಏನೂ ಕೇಳಬೇಡಿ.'

ಅರವತ್ತಮೂರು ಜನ ಉತ್ತರ ಬರೆದಿದ್ದಾರೆ. ಒಬ್ಬಳು ಮೊದಲೇ ಸೇವ್ ಮಾಡಿಟ್ಟುಕೊಂಡಿದ್ದ ಫೋಟೋಕ್ಕೆ ಕಪ್ಪು ಚೌಕಟ್ಟು ಕಟ್ಟಿ, ಸುತ್ತ ಮಲ್ಲಿಗೆ ಹಾರ ಹಾಕಿ, ಎರಡು ದೀಪ ಇಟ್ಟು, ಮೂಲೆಯಲ್ಲಿ ತನ್ನ ಹೆಸರಿನ ಲೋಗೋ ಕೂರಿಸಿ ಎಲ್ಲರಿಗೂ ಹಂಚಿದ್ದಾಳೆ. ದೀಪದ ಬೆಳಕು ಮಿನುಗುವ ಹಾಗೆ ಮಾಡಿದ್ದಾಳೆ. ಅಂದವಾಗಿದೆ. ನನ್ನ ಕೂಸು, ಹಾರದೊಳಗೆ, ನಗುತ್ತಿದೆ. ಎಷ್ಟು ಪುಟಗಳಲ್ಲಿ ಇದೆಯೋ, ನಾಲ್ಕು ಕಡೆ ಕಂಡೆ.

ಏನರೆ ಬರಿ ಅಂದವಳು ನಾನು.

ಟೈಪ್ ಮಾಡಿದೆ — 'ಈ ಕೂಸು ಬದುಕಿದ್ದಾಳೆ. ನಾನು ಇವಳ ತಾಯಿ. ಆ ಹಾರ ತೆಗೆಯಿರಿ.' ಕಳಿಸಿಲ್ಲ ಇನ್ನೂ. ಕಳಿಸಿದರೆ ಅಷ್ಟೂ ಜನ ಸೇರಿ ಸಪ್ನಾಳನ್ನು... ನಿನ್ನೆಯಿಂದ ಅವಳು ಫೋನ್ ಎತ್ತುತ್ತಿಲ್ಲವಂತೆ. ಇವರು ಎರಡು ಸಲ ರಾಮದುರ್ಗಕ್ಕೆ ಫೋನ್ ಹಚ್ಚಿದರು. ಕಳಿಸದಿದ್ದರೆ—

ಅರವತ್ತನಾಲ್ಕು ಆಯಿತು. ಈಗಷ್ಟೇ ಒಬ್ಬಳು. 'ಆತ್ಮಕ್ಕೆ ಶಾಂತಿ ಸಿಗಲಿ ಪುಟ್ಟೀ.'

ನೀಲಾ ಕೆಳಗೆ ಚಾಪೆಯ ಮೇಲಿದ್ದಾಳೆ. ರೊಟ್ಟಿಯ ಚೂರು ಬಾಯಲ್ಲಿದೆ. ನನ್ನ ಸೀರೆ ಹಿಡಿದು ಮೊದಲ ಸಲ ತಾನೇ ಎದ್ದು ನಿಂತಿದ್ದಾಳೆ.