ಕಂದು ಮರಿಯ ಹೊಸ ಮನೆ

ಮಗಳೇ,

ನಿನ್ನ ಕಾಲುನೋವು ಇಳಿದಿದೆಯೆಂದು ಅಮ್ಮ ಆಸ್ಪತ್ರೆಯಿಂದ ಬಂದು ಹೇಳಿದಳು. ಲಾಯದ ಚಿಂತೆ ನಿನಗೆ ಬೇಡ. ತಾಯಿಯಿಲ್ಲದ ನಿನ್ನ ಕುದುರೆ ಮರಿಗಳಿಗೆಲ್ಲ ಹೊತ್ತುಹೊತ್ತಿಗೆ ಬಾಟಲಿ ಹಾಲು ಕುಡಿಸುತ್ತಿದ್ದೇನೆ. ನನ್ನ ಅಂಗಿಗೆ ಒಂದು ಗುಂಡಿಯನ್ನೂ ಅವು ಉಳಿಸಿಲ್ಲ.

ಕಂದು ಮರಿಗೆ ಮನೆ ಸಿಕ್ಕಿತು. ಮೊದಲು ಒಬ್ಬರು ಕಾರಿನಲ್ಲಿ ಬಂದು, “ಮಗನ ಹುಟ್ಟುಹಬ್ಬಕ್ಕೆ ಬೇಕಿತ್ತು” ಎಂದರು. “ಹುಟ್ಟುಹಬ್ಬ ಆದ್ಮೇಲೆ ಏನ್ ಮಾಡ್ತೀರಿ?” ಎಂದೆ. ತಲೆ ಕೆರೆದುಕೊಂಡರು. ನೀನಿದ್ದರೆ ಏನು ಹೇಳುತ್ತಿದ್ದೆಯೋ ಅದನ್ನೇ ಸ್ವಲ್ಪ ಮೆತ್ತಗೆ ಹೇಳಿ ಕಳಿಸಿದೆ.

ಆಮೇಲೆ ಹಣ್ಣಿನ ತೋಟದ ಅಜ್ಜಿ ಬಂದರು. ಅವರ ಮುದಿ ಹೆಣ್ಣು ಕುದುರೆ ಜೊತೆಯಿಲ್ಲದೆ ಮೇವು ಬಿಟ್ಟಿತ್ತಂತೆ. ಮರಿಯನ್ನು ನಾನೇ ನಡೆಸಿಕೊಂಡು ಹೋದೆ. ಮುದಿ ಕುದುರೆ ಮೂಸಿತು, ಕಿವಿ ಹಿಂದಕ್ಕೆ ಮಡಚಿ ಹೆದರಿಸಿತು, ಕೊನೆಗೆ ಮರಿಯ ಕತ್ತು ನೆಕ್ಕತೊಡಗಿತು. ಅಜ್ಜಿ ಮರಿಯ ಮೈಯೆಲ್ಲ ಸವರಿ ನೋಡಿ, “ತಾಯಿ ಇಲ್ದೆ ಬೆಳೆದದ್ದು ಅಂತ ಅನ್ಸೋದೇ ಇಲ್ವಲ್ಲ. ಯಾರಪ್ಪ ಸಾಕಿದ್ದು?” ಎಂದರು.

“ನನ್ನ ಮಗಳು” ಎಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ವಾಪಸು ಬರುವಾಗ ದಾರಿಯಲ್ಲಿ ಲಾಳ ಹೊಡೆಯುವವನಿಗೂ ಹೇಳಿದೆ. ಯಾರು ಸಾಕಿದ್ದೆಂದು ಅವನು ಕೇಳಿರಲೇ ಇಲ್ಲ.

ಇವತ್ತು ಹಾಲಿನವನು ಇನ್ನೊಂದು ಮರಿಯ ಸುದ್ದಿ ತಂದ. ರಸ್ತೆ ಬದಿಯಲ್ಲಿ ಸತ್ತ ತಾಯಿಯನ್ನು ಬಿಟ್ಟು ಕದಲದೆ ನಿಂತಿತ್ತು. ನಿನ್ನನ್ನು ಕೇಳದೆಯೇ ಎತ್ತಿಕೊಂಡು ಬಂದೆ. ಅದು ಬಾಟಲಿಗೆ ಬಾಯಿ ಕೊಡುತ್ತಿಲ್ಲ, ಬೆರಳಿಗೆ ಹಾಲು ಸವರಿ ಚೀಪಿಸುತ್ತಿದ್ದೇನೆ. ಮುಂದೇನು ಮಾಡಬೇಕೆಂದು ಅಮ್ಮನ ಕೈಯಲ್ಲಿ ಹೇಳಿ ಕಳಿಸು.

ನಿನ್ನ ಲಾಯದ ಆಳು,
ಅಪ್ಪ