ಗೋಡೆಯ ಮೇಲಿನ ಕಲೆಗಳ ವಿಷಯವಾಗಿ

ಹತ್ತೇ ನಿಮಿಷದಲ್ಲಿ ನಮ್ಮ ಶಾಲೆಯನ್ನು ಪೂರ್ತಿ ನೋಡಿ ಮುಗಿಸಿದ ಶಿಕ್ಷಣಾಧಿಕಾರಿಗಳೇ,

ಬೀಜಾಡಿ ಕಡೆಯ ನಮ್ಮ ಶಾಲೆಯ ಗೋಡೆಗೆ ಸೋಮವಾರ ಸುಣ್ಣ ಬಳಿಯಬೇಕು, ಶನಿವಾರ ಸಂಜೆಯ ತರಗತಿ ನಿಲ್ಲಿಸಬೇಕು ಎಂದು ಆದೇಶಿಸಿದ್ದೀರಿ. ಎರಡೂ ಆಗಕೂಡದು. ನಾನು ಮೀನು ಮಾರುವವಳು, ಆರನೆಯ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು. ಈ ಕಾಗದದಿಂದ ಆ ತರಗತಿ ನಡೆಸುವ ಹರಿಣಾಕ್ಷಿ ಟೀಚರಿಗೆ ತೊಂದರೆಯಾದೀತೇ, ಮಗಳ ಕೈಗೆ ಟಿ.ಸಿ. ಕೊಟ್ಟು ಕಳಿಸಿಯಾರೇ ಎಂದು ಮೂರು ದಿನ ಹೆದರಿ, ನಾಲ್ಕನೆಯ ದಿನ ಬರೆಯುತ್ತಿದ್ದೇನೆ.

ನೋಟೀಸು ಬೋರ್ಡಿನಲ್ಲಿ ಮೊದಲ ಸಾಲನ್ನಷ್ಟೇ ಓದಿದ್ದೆ: ‘ಗೋಡೆಯ ಮೇಲಿನ ಕಲೆಗಳನ್ನು ಗಮನಿಸಲಾಗಿದೆ.’ ಬಹುಮಾನವೇ ಬಂತೆಂದು ತಿಳಿದು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಳಿಸುವ ಮೊದಲೇ ಸಾರಿಬಿಟ್ಟೆ. ಸಂಜೆ ಮಗಳು ಶ್ರಾವ್ಯ ಮುಖ ಊದಿಸಿಕೊಂಡು ಬಂದಳು. "ಅಮ್ಮಾ, ಅದ್ ಆ ಕಲೆ ಅಲ್ಲ! ನಿನ್ ಸೀರಿಗ್ ಮೀನಿನ್ ನೆತ್ರ್ ಹಿಡಿತ್ತಲ್ದಾ, ಆ ಕಲೆ!" ಅರ್ಧ ಕಲಿತ ನನಗೆ ಒಂದು ಕಲೆ ಕಂಡಿತು, ಪೂರ್ತಿ ಕಲಿತ ತಮಗೆ ಇನ್ನೊಂದು. ಓದು ಹೆಚ್ಚಾದರೆ ಕಣ್ಣು ಹೀಗಾಗುತ್ತದೆಯೇ?

ಅಲ್ಲಿರುವುದೇನೆಂದು ಮಕ್ಕಳನ್ನು ಕೇಳಿದಿರಾ? ಸೆಪ್ಟೆಂಬರಿನಿಂದ ಪ್ರತಿ ಶನಿವಾರ ನಾಲ್ಕು ಗಂಟೆಗೆ ಸರಿಯಾಗಿ ಶ್ರಾವ್ಯ ಅದೇ ಕಲ್ಲಿನ ಮೇಲೆ, ಯಕ್ಷಗಾನದ ಅದೇ ನಿಲುವಿನಲ್ಲಿ ಕೈಯೆತ್ತಿ ನಿಲ್ಲುತ್ತಾಳೆ. ಗೋಡೆಗೆ ಬಿದ್ದ ನೆರಳಿನ ಸುತ್ತ ಉಳಿದವರು ಗೆರೆ ಎಳೆದು ಬಣ್ಣ ತುಂಬುತ್ತಾರೆ. ಅವಳು ನಿಂತಲ್ಲೇ ನಿಂತರೂ ನೆರಳು ವಾರ ವಾರವೂ ಉತ್ತರಕ್ಕೆ ಸರಿದು, ಹದಿನಾರು ವೇಷಗಳು ಸಾಲಾಗಿ ಕುಣಿದಂತಿದೆ. ಯಾಕೆ ಸರಿಯಿತೆಂದು ಹರಿಣಾಕ್ಷಿ ಟೀಚರು ಕೇಳಿದರೆ, ದಕ್ಷಿಣ, ಉತ್ತರದ ಯಕ್ಷಗಾನ ಶೈಲಿಗಳ ಹೆಸರು ಹಿಡಿದು ಇವಳು ಹೇಳಿದ್ದು: "ಸೂರ್ಯ ತೆಂಕುತಿಟ್ಟಿಗೆ ಸೇರ್ಕಂಡ ಟೀಚರೇ, ನೆರಳ್ ನಮ್ ಬಡಗುತಿಟ್ಟಿಗೆ ಬಂತ್!"

ತಾವು ಟೀಚರನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ, ಇದು ವಿಜ್ಞಾನವೋ ಚಿತ್ರಕಲೆಯೋ ಎಂದು. ಎರಡೂ ಎಂದಾಗ ಫಾರಮ್ಮಿನಲ್ಲಿ ಎರಡಕ್ಕೆ ಜಾಗವಿಲ್ಲ ಎಂದಿರಂತೆ. ಹಾಗಾದರೆ ಸೂರ್ಯನಿಗೂ ಒಂದು ನೋಟೀಸು ಕಳಿಸಿ.

ಡಿಸೆಂಬರ್ ಕಳೆದು ಈಗ ನೆರಳು ಹಿಂದಿರುಗುತ್ತಿದೆ. ಮಾರ್ಚಿಗೆ ಅದು ಮೊದಲ ವೇಷದ ಮೇಲೇ ಕೂರುತ್ತದೋ, ತುಸು ತಪ್ಪುತ್ತದೋ? ಟೀಚರು "ನಂಗೂ ಗೊತ್ತಿಲ್ಲೆ ಮಕ್ಳೇ, ಕಾಂಬ" ಎಂದಿದ್ದಾರೆ. ಗೊತ್ತಿಲ್ಲ ಎಂದು ಟೀಚರೇ ಹೇಳುವುದನ್ನು ನಾನು ಕೇಳಿದ್ದು ಇದೇ ಮೊದಲು. ನಮ್ಮ ಕಾಲದಲ್ಲಿ ಗೊತ್ತಿಲ್ಲ ಎಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಿಂತು ನಿಂತೇ ನಾನು ಶಾಲೆ ಬಿಟ್ಟದ್ದು. ನನ್ನ ಮಗಳು ಗೊತ್ತಿಲ್ಲದ್ದನ್ನು ಕಾಣಲಿಕ್ಕೆಂದೇ ಶನಿವಾರ ಓಡುತ್ತಾಳೆ.

"ಹ್ವಾಯ್ ಸುಗುಣಕ್ಕ, ಸರ್ಕಾರದೋರ್ ಒಟ್ಟಿಗ್ ಎಂತಕ್ ಜಗ್ಳ? ಮುಂದಿನ್ ವರ್ಷ ಮತ್ತೆ ಚಿತ್ರ ಬರದ್ರ್ ಆಯ್ತಲೆ," ಎನ್ನುತ್ತಾನೆ ನೆರೆಮನೆಯ ಭೋಜರಾಜ. ಮುಂದಿನ ವರ್ಷ ಮಗಳು ಏಳನೆಯ ತರಗತಿ ಮುಗಿಸಿ ಬೇರೆ ಶಾಲೆ ಸೇರುತ್ತಾಳೆ. ಅಷ್ಟರಲ್ಲಿ ಎರಡು ಬೆರಳು ಎತ್ತರವೂ ಆಗಿರುತ್ತಾಳೆ. ಈ ನೆರಳನ್ನು ಆಗ ಎಲ್ಲಿಂದ ತರಲಿ?

ಆದ್ದರಿಂದ ಆದೇಶ ಹಿಂದಕ್ಕೆ ಪಡೆಯಿರಿ. ಮಾರ್ಚ್ ಮುಗಿಯುವ ತನಕ ಗೋಡೆ ಮುಟ್ಟಬೇಡಿ, ತರಗತಿ ನಡೆಯಲಿ, ಟೀಚರನ್ನು ಗೋಳು ಹೊಯ್ದುಕೊಳ್ಳಬೇಡಿ. ಇಲ್ಲವಾದರೆ ಸೋಮವಾರದಿಂದ ನಾವು ಹತ್ತು ತಾಯಂದಿರು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತೇವೆ. ಸುಣ್ಣವನ್ನು ನಮ್ಮ ಮೇಲೇ ಬಳಿಸಿ. ಶನಿವಾರ ನಾಲ್ಕು ಗಂಟೆಗೆ ಮಾತ್ರ ಐದು ನಿಮಿಷ ಪಕ್ಕಕ್ಕೆ ಸರಿಯುತ್ತೇವೆ. ಅದು ಮಗಳ ನೆರಳಿಗೆ ದಾರಿ ಬಿಡಲಿಕ್ಕೆ, ತಮಗಲ್ಲ.

ಇಂತಿ,
ಈ ಸಲ ಶಾಲೆ ಬಿಡದೆ ನಿಂತೇ ಇರುವ
ಸುಗುಣ, ಬೀಜಾಡಿ